ಹುಳಿ ಎಲ್ಲಿಗೆ ಹೋಯಿತು?

ಮಗಳಿಗೆ ಆಗ ಎಂಟು ವರ್ಷ. ರಾತ್ರಿ ಊಟಕ್ಕೆ ಸಲಾಡ್ ಮಾಡುತ್ತಿದ್ದೆ, ಅವಳು ಅಡುಗೆಮನೆಯ ಕಟ್ಟೆ ಹತ್ತಿ ಕೂತಿದ್ದಳು. ಸಣ್ಣ ಬಟ್ಟಲಿಗೆ ನಿಂಬೆರಸ ಹಿಂಡಿ, ಚಮಚದ ತುದಿಯಲ್ಲಿ ಒಂದೇ ಒಂದು ಹನಿಯನ್ನು ಅವಳ ನಾಲಗೆಗೆ ಮುಟ್ಟಿಸಿದೆ. ಕಣ್ಣು ಮುಚ್ಚಿ, ಭುಜ ಎತ್ತಿ, ಮೈಯೆಲ್ಲ ಮುದುಡಿಕೊಂಡಳು. ಅದಕ್ಕೇ ಜೇನುತುಪ್ಪ ಬೆರೆಸಿ ಮತ್ತೆ ಕೊಟ್ಟೆ. ಈ ಸಲ ಬಾಯಿ ಚಪ್ಪರಿಸಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮ್ಮಾ, ಹುಳಿ ಎಲ್ಲಿಗೆ ಹೋಯ್ತು?” ಅಂತ ಕೇಳಿದಳು.

“ಜೇನು ಅದನ್ನ ತಿಂದುಬಿಡ್ತು” ಅಂದೆ. ಒಲೆಯ ಮೇಲೆ ಇನ್ನೊಂದು ಪಾತ್ರೆ ಇತ್ತು, ಕೈಯಲ್ಲಿ ಚಾಕು ಇತ್ತು. ಅವಳು ತಲೆಯಾಡಿಸಿ ಕೆಳಗಿಳಿದು ಹೋದಳು. ನನಗೆ ಮಾತ್ರ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಎಷ್ಟೋ ವರ್ಷದಿಂದ ಹುಳಿ ಹೆಚ್ಚಾದರೆ ಸಿಹಿ, ಸಿಹಿ ಹೆಚ್ಚಾದರೆ ಹುಳಿ ಎಂದು ಹಾಕುತ್ತಾ ಬಂದವಳು ನಾನು. ಒಂದು ಇನ್ನೊಂದನ್ನು ಅಳಿಸುತ್ತದೆ ಎಂದೇ ನಂಬಿದ್ದೆ. ನಿಜಕ್ಕೂ ಅಳಿಸುತ್ತದೆಯೇ? ಅಳಿಸುವುದಾದರೆ ಎರಡೂ ಕಡಿಮೆಯಾಗಿ ಕೊನೆಗೆ ನೀರಿನಂಥದ್ದೇನೋ ಉಳಿಯಬೇಕಿತ್ತಲ್ಲ? ಸಲಾಡಿಗೆ ಬೆರೆಸುವ ಸಿಹಿ-ಹುಳಿ ರಸ, ಅಂದರೆ ಡ್ರೆಸಿಂಗ್, ಹಾಗಿರುವುದಿಲ್ಲ. ಅದರಲ್ಲಿ ಎರಡೂ ಇರುತ್ತವೆ, ಎರಡೂ ಜೋರಾಗಿ ಇರುತ್ತವೆ, ಆದರೂ ಯಾವುದೂ ಚುಚ್ಚುವುದಿಲ್ಲ.

ಮಗುವಿಗೆ ತಪ್ಪು ಉತ್ತರ ಕೊಟ್ಟೆನೇನೋ ಎಂಬ ಅನುಮಾನ ಹುಟ್ಟಿದರೆ ಅದು ಸುಲಭಕ್ಕೆ ಬಿಡುವುದಿಲ್ಲ. ಮುಂದಿನ ಭಾನುವಾರ ಅವಳನ್ನು ಕೂರಿಸಿಕೊಂಡು ಪರೀಕ್ಷೆ ಮಾಡಿಯೇ ನೋಡೋಣ ಎಂದುಕೊಂಡೆ.

ನೇರಳೆ ಎಲೆಕೋಸಿನ ನೀರು

ನೇರಳೆ ಎಲೆಕೋಸನ್ನು ಹೆಚ್ಚಿ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ನೀರು ಗಾಢ ನೇರಳೆಯಾಗುತ್ತದೆ. ಆ ಬಣ್ಣ ಆಂಥೋಸಯನಿನ್ ಎಂಬ ವಸ್ತುವಿನದು. ಆಮ್ಲ ಸಿಕ್ಕರೆ ಗುಲಾಬಿಗೆ ತಿರುಗುತ್ತದೆ, ಕ್ಷಾರ ಸಿಕ್ಕರೆ ನೀಲಿಗೆ, ಇನ್ನೂ ಹೆಚ್ಚಾದರೆ ಹಸಿರಿಗೆ. ಶಾಲೆಯಲ್ಲಿ ಲಿಟ್ಮಸ್ ಕಾಗದ ಮಾಡುವ ಕೆಲಸವನ್ನು ಮನೆಯಲ್ಲಿ ಎಲೆಕೋಸು ಮಾಡುತ್ತದೆ. ಮೂರು ಗಾಜಿನ ಲೋಟ ಇಟ್ಟು, ಮೂರಕ್ಕೂ ಆ ನೀರು ಸುರಿದು, ಒಂದೊಂದಕ್ಕೆ ಎರಡೆರಡು ಚಮಚ ವಿನೆಗರ್ ಹಾಕಿದೆವು. ಮೂರೂ ಒಂದೇ ಸಲಕ್ಕೆ ಗುಲಾಬಿಯಾದವು. ಮಗಳು ಚಪ್ಪಾಳೆ ತಟ್ಟಿದಳು.

ಮೊದಲ ಲೋಟವನ್ನು ಹಾಗೇ ಬಿಟ್ಟೆವು. ಎರಡನೆಯದಕ್ಕೆ ಸಕ್ಕರೆ. ಒಂದು ಚಮಚ ಹಾಕಿ ಕದಡಿದೆವು, ಬಣ್ಣ ಕದಲಲಿಲ್ಲ. ಇನ್ನೊಂದು, ಮತ್ತೊಂದು, ಹೀಗೆ ನಾಲ್ಕು ಚಮಚ ಹಾಕಿದ ಮೇಲೂ ಪಕ್ಕದ ಲೋಟದಲ್ಲಿದ್ದ ಅದೇ ಗುಲಾಬಿ. ಎರಡನ್ನೂ ತುಟಿಗೆ ಮುಟ್ಟಿಸಿ ನೋಡಿದಳು. ಮೊದಲನೆಯದಕ್ಕೆ ಮುಖ ಹಿಂಡಿದಳು, ಎರಡನೆಯದಕ್ಕೆ “ಪರವಾಗಿಲ್ಲ” ಅಂದಳು. ಮೂರನೆಯದಕ್ಕೆ ಅಡುಗೆ ಸೋಡಾ ಹಾಕಿದಾಗ ಭುಸ್ಸೆಂದು ನೊರೆ ಉಕ್ಕಿತು, ಗುಲಾಬಿ ಬಣ್ಣ ಕಣ್ಣೆದುರೇ ನೇರಳೆಯಾಗಿ ನೀಲಿಯತ್ತ ಹೊರಳಿತು. ಹುಳಿ ನಿಜಕ್ಕೂ ಹೋದದ್ದು ಅಲ್ಲಿ. ಸೋಡಾ ಆಮ್ಲವನ್ನು ಮುರಿದು ಇಂಗಾಲದ ಡೈಆಕ್ಸೈಡ್ ಮಾಡಿ ಗಾಳಿಗೆ ಬಿಟ್ಟಿತ್ತು.

ಎರಡನೆಯ ಲೋಟದ ಮುಂದೆ ನಾವಿಬ್ಬರೂ ತುಂಬ ಹೊತ್ತು ಕೂತಿದ್ದೆವು. ಸಕ್ಕರೆಯಾಗಲಿ ಜೇನಾಗಲಿ ಹುಳಿಯನ್ನು ತಿಂದಿಲ್ಲ. ಒಂದು ಹನಿಯನ್ನೂ ಮುಟ್ಟಿಲ್ಲ. ಹುಳಿ ಇದ್ದಲ್ಲೇ, ಇದ್ದಷ್ಟೇ ಇದೆ. ಬದಲಾದದ್ದು ನಮಗೆ ಅನ್ನಿಸಿದ್ದು ಮಾತ್ರ. “ಅಂದ್ರೆ ಬಚ್ಚಿಟ್ಕೊಂಡಿದೆ” ಅಂದಳು ಮಗಳು. ಆ ಮಾತಿಗಿಂತ ಸರಿಯಾದದ್ದನ್ನು ನಾನು ಆಮೇಲೆ ಓದಿದ ಯಾವುದರಲ್ಲೂ ಕಾಣಲಿಲ್ಲ.

ನಾಲಗೆಯ ಮೇಲಿನ ರುಚಿಮೊಗ್ಗುಗಳಲ್ಲಿ ಸಿಹಿಯನ್ನು ಗುರುತಿಸುವ ಜೀವಕೋಶಗಳು ಬೇರೆ, ಹುಳಿಯನ್ನು ಗುರುತಿಸುವವು ಬೇರೆ. ಸಕ್ಕರೆ ಜೀವಕೋಶದ ಹೊರಮೈಯಲ್ಲಿ ರುಚಿ ಹಿಡಿಯುವ ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿಕೊಂಡು ಸಿಹಿಯ ಸುದ್ದಿ ಮುಟ್ಟಿಸುತ್ತದೆ. ಹುಳಿಯ ದಾರಿ ಬೇರೆ, ಆಮ್ಲ ಬಿಟ್ಟುಕೊಡುವ ಪ್ರೋಟಾನು ಎಂಬ ಅತಿಸಣ್ಣ ಕಣಗಳು ಜೀವಕೋಶದ ಒಳಕ್ಕೇ ನುಗ್ಗುತ್ತವೆ. ಆ ಬಾಗಿಲು ಓಟೋಪ್-1 ಎಂಬ ಪ್ರೋಟೀನು ಎಂದು ಖಚಿತವಾದದ್ದು 2019ರಲ್ಲಿ. ಮನುಷ್ಯ ಹುಳಿ ತಿನ್ನುತ್ತಾ ಬಂದ ಕಾಲದ ಮುಂದೆ ಇದು ನಿನ್ನೆ ಮೊನ್ನೆಯ ಮಾತು. ಎರಡು ರುಚಿಗಳೂ ಒಟ್ಟಿಗೆ ಬಂದಾಗ ಒಂದು ಇನ್ನೊಂದರ ದನಿಯನ್ನು ತಗ್ಗಿಸುತ್ತದೆ. ಸಿಹಿ ಹುಳಿಯನ್ನು ತಗ್ಗಿಸುವಂತೆ ಹುಳಿಯೂ ಸಿಹಿಯನ್ನು ತಗ್ಗಿಸುತ್ತದೆ. ಅಲ್ಲಿಗೆ ಬಟ್ಟಲಿನಲ್ಲಿ ಬಚ್ಚಿಟ್ಟುಕೊಂಡಿರುವುದು ಹುಳಿಯೊಂದೇ ಅಲ್ಲ, ನಾವು ಸುರಿದ ಸಕ್ಕರೆಯೂ ಬಚ್ಚಿಟ್ಟುಕೊಂಡಿದೆ.

ಇದನ್ನು ತಿಳಿದ ಮೇಲೆ ನಾನು ಹುಳಿ ಮಾಡುವ ಕೆಲಸಗಳನ್ನು ಗಮನಿಸತೊಡಗಿದೆ. ನಾಲಗೆಗೆ ಕಾಣದಿದ್ದರೂ ಅದು ಕೆಲಸ ಬಿಟ್ಟಿರುವುದಿಲ್ಲ. ಕೆಂಪು ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ ಸಿಹಿ ಡ್ರೆಸಿಂಗಿನಲ್ಲಿ ಅರ್ಧ ಗಂಟೆ ಬಿಟ್ಟರೆ ಅಂಚಿನ ಮಬ್ಬು ನೇರಳೆ ಹೋಗಿ ಇಡೀ ಎಸಳು ಹೊಳೆಯುವ ಗುಲಾಬಿಯಾಗುತ್ತದೆ. ಎಲೆಕೋಸಿನ ನೀರಿನಲ್ಲಿ ನಡೆದದ್ದೇ ಇಲ್ಲಿಯೂ ನಡೆಯುತ್ತದೆ. ಹಸಿರು ಎಲೆಗಳಿಗೆ ಡ್ರೆಸಿಂಗ್ ಬೆರೆಸಿ ಬಹಳ ಹೊತ್ತು ಬಿಟ್ಟರೆ ಪತ್ರಹರಿತಿನ ಹಸಿರು ಕಂದಿ ಎಲೆ ಪಾಚಿಬಣ್ಣಕ್ಕೆ ಇಳಿಯುತ್ತದೆ. ಅದೂ ಆಮ್ಲದ್ದೇ ಕೆಲಸ. ಆಮ್ಲ ಎಷ್ಟು ಚುರುಕು ಎಂಬುದನ್ನು ಪಿಎಚ್ ಎಂಬ ಅಂಕಿಯಲ್ಲಿ ಅಳೆಯುತ್ತಾರೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು. ಹಲ್ಲಿನ ಹೊರಕವಚವಾದ ಎನಾಮಲ್ ಕರಗಲು ಶುರುವಾಗುವುದು ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ. ನಿಂಬೆರಸದ್ದು 2ರಿಂದ 2.6. ಜೇನು ಬೆರೆಸಿದಾಗ ನಾಲಗೆ ಹಿತವಾಗಿದೆ ಅನ್ನಬಹುದು, ಹಲ್ಲಿಗೆ ಆ ಹಿತ ತಿಳಿಯದು. ಕೋಲಾ ಪಾನೀಯಗಳ ಪಿಎಚ್ 2.5ರ ಆಸುಪಾಸಿನಲ್ಲಿದ್ದರೂ ಯಾರೂ ಅದನ್ನು ಹುಳಿ ಎಂದು ಕರೆಯದಿರುವುದೂ ಹೀಗೆಯೇ. ಸಕ್ಕರೆ ಅದರ ದನಿ ಅಡಗಿಸಿದೆ.

ಆ ಸಂಜೆಯ ಬಟ್ಟಲು

ಎಲೆಕೋಸಿನ ಪರೀಕ್ಷೆಗೂ ಎಷ್ಟೋ ಮೊದಲು ನಡೆದ ಒಂದು ಸಂಜೆ ಇದೆ. ಅದರ ಅರ್ಥ ನನಗೆ ಹೊಳೆದದ್ದು ಆ ಗುಲಾಬಿ ಲೋಟದ ಮುಂದೆ ಕೂತಾಗಲೇ.

ಮನೆಗೆ ಹತ್ತು ಹನ್ನೆರಡು ಜನ ಊಟಕ್ಕೆ ಬರುವವರಿದ್ದರು. ಬೇರೆ ಅಡುಗೆಯೆಲ್ಲ ಅತ್ತಿಗೆ ವಹಿಸಿಕೊಂಡಿದ್ದರು, ನನ್ನ ಪಾಲಿಗೆ ಬಂದದ್ದು ಸಲಾಡ್. ತರಕಾರಿ ಹೆಚ್ಚಿಟ್ಟು, ಎಲೆ ತೊಳೆದಿಟ್ಟು, ಡ್ರೆಸಿಂಗಿಗೆ ಕೂತೆ. ಅರ್ಧ ಲೋಟ ವಿನೆಗರ್ ಸುರಿದು ರುಚಿ ನೋಡಿದರೆ ಗಂಟಲು ಕಟ್ಟಿತು. ಸಕ್ಕರೆ ಹಾಕಿದೆ. ಇನ್ನೂ ಹುಳಿ. ಇನ್ನಷ್ಟು ಸಕ್ಕರೆ. ಈಗ ಪಾನಕದ ಹಾಗಾಯಿತು. ಒಂದು ಹೋಳು ನಿಂಬೆ ಹಿಂಡಿದೆ. ಏನೋ ಸಪ್ಪೆ ಅನ್ನಿಸಿ ಉಪ್ಪು ಹಾಕಿದೆ. ಉಪ್ಪು ಮುಂದೆ ಬಂತು ಎಂದು ಜೇನು ಹಾಕಿದೆ. ಪ್ರತಿ ಸಲವೂ ಚಮಚದಲ್ಲಿ ತೆಗೆದು ಬಾಯಿಗೆ ಹಾಕಿಕೊಳ್ಳುವುದು, ಯೋಚಿಸುವುದು, ಇನ್ನೊಂದನ್ನು ಸುರಿಯುವುದು. ಸಣ್ಣ ಬಟ್ಟಲು ಸಾಲದೆ ದೊಡ್ಡ ಬಟ್ಟಲಿಗೆ ಬಗ್ಗಿಸಿದೆ. ಹದಿನೈದು ಇಪ್ಪತ್ತು ಸಲ ರುಚಿ ನೋಡಿದ ನಾಲಗೆಗೆ ಕೊನೆಕೊನೆಗೆ ಏನೂ ತಿಳಿಯುತ್ತಿರಲಿಲ್ಲ. ಹೊರಗೆ ಚಪ್ಪಲಿ ಬಿಡುವ ಸದ್ದು ಕೇಳಿಸುತ್ತಿತ್ತು. ಅಳು ಬರುವಂತಾಗಿ ಅತ್ತಿಗೆಯನ್ನು ಕರೆದೆ.

ಅವರು ಕೈ ಒರೆಸಿಕೊಂಡು ಬಂದರು. ನಾನು ಚಮಚ ಮುಂದೆ ಹಿಡಿದೆ, ಅವರು ತೆಗೆದುಕೊಳ್ಳಲಿಲ್ಲ. ಜರಡಿಯಲ್ಲಿದ್ದ ಒಂದು ಲೆಟ್ಯೂಸ್ ಎಲೆ ಎತ್ತಿ, ಬಟ್ಟಲಿನಲ್ಲಿ ಅದ್ದಿ, ಎರಡು ಸಲ ಒದರಿ ಬಾಯಿಗೆ ಹಾಕಿಕೊಂಡರು. ನಿಧಾನಕ್ಕೆ ಅಗಿದರು. “ಎಣ್ಣೆ ಹಾಕಿದೀಯಾ?” ಅಂತ ಕೇಳಿದರು.

“ಕೊನೇಲಿ ಹಾಕೋಣ ಅಂತ ಬಿಟ್ಟಿದ್ದೆ ಅತ್ತಿಗೆ.”

“ಇದಕ್ಕೆ ಇನ್ನೇನೂ ಸೇರಿಸಬೇಡ. ಇದರಲ್ಲಿ ಕಾಲುಭಾಗ ತೆಗೆದುಕೊ, ಎಣ್ಣೆ ಹಾಕು. ಆಮೇಲೆ ಎಲೆ ಜೊತೆ ತಿಂದು ನೋಡು, ಬರೀ ಚಮಚದಲ್ಲಿ ನೋಡಬೇಡ” ಅಂದರು. ಅಷ್ಟು ಹೇಳಿ ಒಲೆಯ ಕಡೆ ಹೋದರು. ನಾನು ಹಾಗೆಯೇ ಮಾಡಿದೆ. ಚೆನ್ನಾಗಿಯೇ ಬಂತು. ಉಳಿದ ಮುಕ್ಕಾಲು ಭಾಗ ಫ್ರಿಜ್ಜಿನಲ್ಲಿ ಒಂದು ವಾರ ಇದ್ದು, ಕೊನೆಗೆ ಚೆಲ್ಲಬೇಕಾಯಿತು.

ಆ ಸಂಜೆ ನಾನು ಮಾಡುತ್ತಿದ್ದುದೇನು ಎಂಬುದು ಈಗ ಗೊತ್ತಾಗುತ್ತದೆ. ಅಳಿಸುತ್ತಿದ್ದೇನೆ ಎಂದುಕೊಂಡು ಪೇರಿಸುತ್ತಿದ್ದೆ. ಒಂದೊಂದು ಸಲವೂ ಹುಳಿ ಅಡಗಿತು ಅನ್ನಿಸಿದಾಗ ಅದು ಹೋಗಿರಲಿಲ್ಲ, ಸಿಹಿಯ ಹಿಂದೆ ನಿಂತಿತ್ತು. ಸಿಹಿ ಅಡಗಿತು ಅನ್ನಿಸಿದಾಗ ಹುಳಿಯ ಹಿಂದೆ. ಎರಡೂ ಸೇರಿ ಭಾರವಾಗುತ್ತಾ ಹೋಗಿ ಕೊನೆಗೆ ರುಚಿ ಸಮವಾಗಿದೆ ಅನ್ನಿಸಿದರೂ ಅದು ಮೊದಲಿಗಿಂತ ನಾಲ್ಕು ಪಟ್ಟು ಆಮ್ಲ, ನಾಲ್ಕು ಪಟ್ಟು ಸಕ್ಕರೆ ಇರುವ ಸಮತೋಲನ. ನಾಲಗೆ ಹೇಳುವುದು ಅವೆರಡರ ನಡುವಿನ ಹದವನ್ನು. ಒಟ್ಟು ಎಷ್ಟಿದೆ ಎಂಬ ಲೆಕ್ಕಕ್ಕೆ ಅದನ್ನು ನಂಬಿಕೊಳ್ಳುವ ಹಾಗಿಲ್ಲ.

ಬಾಟಲಿಗಳಲ್ಲಿ ಬರುವ ಸಿಹಿ-ಹುಳಿ ಡ್ರೆಸಿಂಗುಗಳನ್ನು ಕೈಗೆತ್ತಿಕೊಂಡಾಗಲೂ ಇದೇ ನೆನಪಾಗುತ್ತದೆ. ಅವು ತಿಂಗಳುಗಟ್ಟಲೆ ಕೆಡದೆ ನಿಲ್ಲಬೇಕು, ಅದಕ್ಕೆ ಆಮ್ಲ ಬೇಕು. ಅಷ್ಟು ಆಮ್ಲವನ್ನು ಜನ ಇಷ್ಟಪಟ್ಟು ತಿನ್ನಬೇಕು, ಅದಕ್ಕೆ ಸಕ್ಕರೆ ಬೇಕು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುವ ನಿಯಮ ಬಹಳ ಕಡೆ ಇದೆ. ಆ ಸಾಲಿನ ಮೊದಲ ಮೂರು ನಾಲ್ಕು ಪದಗಳೊಳಗೆ ಸಕ್ಕರೆಯೋ ಯಾವುದಾದರೂ ಪಾಕವೋ ಕಂಡರೆ ಅದು ಯಾಕೆ ಅಲ್ಲಿದೆ ಎಂದು ನನಗೆ ಈಗ ಅರ್ಥವಾಗುತ್ತದೆ. ಮನೆಯ ಡ್ರೆಸಿಂಗ್ ನಾಳೆಯವರೆಗೆ ಇದ್ದರೆ ಸಾಕು. ಹಾಗಾಗಿ ಹುಳಿಯನ್ನು ಮೊದಲೇ ಕಡಿಮೆ ಇಟ್ಟುಕೊಳ್ಳುವ ಸ್ವಾತಂತ್ರ್ಯ ನಮಗಿದೆ. ಹುಳಿ ಕಡಿಮೆಯಾದರೆ ಸಿಹಿಯೂ ತಾನಾಗಿಯೇ ಕಡಿಮೆ ಸಾಕು. ಮನೆಯಲ್ಲೇ ಮಾಡಿಕೊಳ್ಳಬೇಕು ಎಂದು ನಾನು ಹಟ ಹಿಡಿಯುವುದು ಈ ಒಂದು ಕಾರಣಕ್ಕೆ.

ಚಮಚ ಹೇಳುವುದು, ಎಲೆ ಹೇಳುವುದು

ಅತ್ತಿಗೆ ಎಲೆಯನ್ನು ಅದ್ದಿ ತಿಂದದ್ದರ ಹಿಂದೆ ಎಷ್ಟೊಂದು ತಿಳಿವಳಿಕೆ ಇತ್ತು ಎಂಬುದನ್ನು ಬಿಡಿಸುತ್ತಾ ಹೋದರೆ ಮುಗಿಯುವುದಿಲ್ಲ. ಚಮಚದಲ್ಲಿ ನೋಡುವಾಗ ನಾಲಗೆಯ ಮೇಲೆ ಬೀಳುವುದು ಡ್ರೆಸಿಂಗ್ ಮಾತ್ರ, ಅದೂ ಒಂದೇ ಸಲಕ್ಕೆ ಅಷ್ಟು. ಎಲೆಯ ಮೇಲೆ ಅದು ತೆಳುವಾದ ಪದರ. ಎಲೆಯ ತೂಕದಲ್ಲಿ ನೂರಕ್ಕೆ ತೊಂಬತ್ತು ಭಾಗಕ್ಕೂ ಹೆಚ್ಚು ನೀರು. ಸೌತೆಕಾಯಿಯೂ ಹಾಗೆಯೇ. ಅಗಿದ ಕೂಡಲೇ ಆ ನೀರೆಲ್ಲ ಡ್ರೆಸಿಂಗಿನೊಂದಿಗೆ ಬೆರೆತು ಅದನ್ನು ತೆಳ್ಳಗಾಗಿಸುತ್ತದೆ. ಚಮಚದಲ್ಲಿ ಹದವಾಗಿದ್ದದ್ದು ತಟ್ಟೆಯಲ್ಲಿ ಸಪ್ಪೆಯಾಗುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಚಮಚದಲ್ಲಿ ಒಂಚೂರು ಜೋರಾಗಿದೆ ಅನ್ನಿಸಬೇಕು, ಎಲೆಯೊಂದಿಗೆ ಸರಿ ಅನ್ನಿಸಬೇಕು.

ಇನ್ನೊಂದು, ಎಲೆಗೆ ತನ್ನದೇ ರುಚಿ ಇದೆ. ಕೆಲವು ಎಲೆಗಳು ಕಹಿ. ಕ್ಯಾರೆಟ್ಟು, ಬೀಟ್‌ರೂಟು, ಮಾಗಿದ ಟೊಮೆಟೊ ತಮ್ಮ ಸಿಹಿಯನ್ನು ತಾವೇ ತರುತ್ತವೆ. ಹಣ್ಣು ಹಾಕಿದ ಸಲಾಡಿಗೂ ಕಹಿ ಎಲೆಗಳ ಸಲಾಡಿಗೂ ಒಂದೇ ಡ್ರೆಸಿಂಗ್ ಸುರಿದರೆ ಒಂದರಲ್ಲಿ ಅದು ಅತಿ, ಇನ್ನೊಂದರಲ್ಲಿ ಕೊರತೆ. ಕಹಿಯನ್ನು ತಗ್ಗಿಸಲು ಸಿಹಿಗಿಂತ ಉಪ್ಪು ಚುರುಕು. ಒಂದು ಚಿಟಿಕೆ ಉಪ್ಪು ಕಹಿಯನ್ನು ಹಿಂದಕ್ಕೆ ತಳ್ಳುತ್ತದೆ, ಆಗ ಅದರ ಅಡಿಯಲ್ಲಿ ಮುಚ್ಚಿಹೋಗಿದ್ದ ಸಿಹಿ ಮೇಲಕ್ಕೆ ಬರುತ್ತದೆ. ಜೇನು ಸುರಿಯುವ ಮೊದಲು ಉಪ್ಪು ಸರಿಯಿದೆಯೇ ಎಂದು ನೋಡುವ ಅಭ್ಯಾಸ ಮಾಡಿಕೊಂಡ ಮೇಲೆ ನಮ್ಮ ಮನೆಯಲ್ಲಿ ಡ್ರೆಸಿಂಗಿಗೆ ಹೋಗುವ ಜೇನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಉಪ್ಪಿಗಿಂತ ರುಚಿಯಿಲ್ಲ ಎನ್ನುವ ಮಾತನ್ನು ನಾನು ಇಲ್ಲಿ ಅಕ್ಷರಶಃ ನಂಬುತ್ತೇನೆ. ಸಲಾಡ್ ಎಂಬ ಹೆಸರಿನ ಬೇರೂ ಉಪ್ಪೇ. ಲ್ಯಾಟಿನ್ನಿನಲ್ಲಿ ಸಾಲ್ ಎಂದರೆ ಉಪ್ಪು, ಉಪ್ಪು ಹಾಕಿದ್ದು ಎಂಬ ಅರ್ಥದ ಪದದಿಂದ ಸಲಾಡ್ ಬಂದಿದೆ.

ಎಣ್ಣೆಯ ಮಾತು. ಆ ಸಂಜೆ ನನ್ನ ಬಟ್ಟಲಿನಲ್ಲಿ ಕೊರತೆಯಾಗಿದ್ದದ್ದು ಅದೇ. ಎಣ್ಣೆಗೆ ಸಿಹಿಯೂ ಇಲ್ಲ, ಹುಳಿಯೂ ಇಲ್ಲ. ಆದರೆ ಅದು ಡ್ರೆಸಿಂಗನ್ನು ಹರಡುತ್ತದೆ, ಹುಳಿಯ ನೀರು ನಾಲಗೆಗೆ ಒಮ್ಮೆಲೇ ಹೊಡೆಯದಂತೆ ನಡುವೆ ನಿಲ್ಲುತ್ತದೆ. ಎಣ್ಣೆಯೇ ಇಲ್ಲದ ಡ್ರೆಸಿಂಗಿನಲ್ಲಿ ಹುಳಿಯನ್ನು ಪಳಗಿಸುವ ಕೆಲಸವೆಲ್ಲ ಸಕ್ಕರೆಯ ಮೇಲೆ ಬೀಳುತ್ತದೆ. ಕೊಬ್ಬು ಬೇಡ ಎಂದು ಎಣ್ಣೆ ಬಿಟ್ಟವರ ಸಲಾಡಿಗೆ ಸಿಹಿ ಹೆಚ್ಚು ಸೇರುವುದು ಹೀಗೆ. ಎಣ್ಣೆಗೆ ಇನ್ನೊಂದು ಕೆಲಸವೂ ಇದೆ. ಕ್ಯಾರೆಟ್, ಟೊಮೆಟೊ, ಹಸಿರೆಲೆಗಳಲ್ಲಿರುವ ಕ್ಯಾರೊಟಿನಾಯ್ಡುಗಳು ಎಂಬ ಬಣ್ಣದ ಪೋಷಕಾಂಶಗಳು ಕೊಬ್ಬಿನಲ್ಲಿ ಕರಗುವಂಥವು. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಏಳು ಜನರಿಗೆ ಒಂದೇ ಬಗೆಯ ಸಲಾಡನ್ನು ಬೇರೆ ಬೇರೆ ದಿನ ಎಣ್ಣೆಯಿಲ್ಲದ, 6 ಗ್ರಾಂ ಎಣ್ಣೆಯಿರುವ ಮತ್ತು 28 ಗ್ರಾಂ ಎಣ್ಣೆಯಿರುವ ಡ್ರೆಸಿಂಗಿನೊಂದಿಗೆ ಕೊಟ್ಟರು. ಎಣ್ಣೆಯಿಲ್ಲದ ದಿನ ಕ್ಯಾರೊಟಿನಾಯ್ಡುಗಳು ಮೈಗೆ ಸೇರಿದ್ದು ಇಲ್ಲವೆನ್ನುವಷ್ಟು ಕಡಿಮೆ. ಏಳೇ ಜನರ ಅಧ್ಯಯನ ಎಂಬುದು ನನಗೆ ನೆನಪಿದೆ. ಆದರೂ ಅಷ್ಟು ಮುತುವರ್ಜಿಯಿಂದ ಹೆಚ್ಚಿದ ಕ್ಯಾರೆಟ್ಟಿನ ಸಾರವೇ ಮೈಗೆ ಹತ್ತುವುದಿಲ್ಲ ಎಂದರೆ ಮನಸ್ಸಿಗೆ ಒಪ್ಪುವುದಿಲ್ಲ.

ಈಗ ನಾನು ಮಾಡುವ ರೀತಿ

ಅಳತೆ ಹೇಳುತ್ತೇನೆ. ಹಾಗೆಂದು ಇದೇ ಅಳತೆ ಆಗಬೇಕು ಎಂದಲ್ಲ, ಎಲ್ಲಿಂದಲೋ ಒಂದು ಕಡೆ ಶುರು ಮಾಡಬೇಕಲ್ಲ. ಮುಚ್ಚಳ ಬಿಗಿಯಾಗಿ ಕೂರುವ ಒಂದು ಸಣ್ಣ ಗಾಜಿನ ಜಾಡಿ ಬೇಕು, ಜಾಮ್ ಮುಗಿದ ಬಾಟಲಿ ಇದಕ್ಕೆ ಹೇಳಿ ಮಾಡಿಸಿದ್ದು. ಮೊದಲು ಒಂದು ದೊಡ್ಡ ಚಮಚ ನಿಂಬೆರಸ, ಒಂದು ದೊಡ್ಡ ಚಮಚ ಸೇಬಿನ ವಿನೆಗರ್. ದೊಡ್ಡ ಚಮಚವೆಂದರೆ 15 ಮಿಲಿಲೀಟರಿನದು. ಅದಕ್ಕೆ ಕಾಲು ಟೀ ಚಮಚ ಉಪ್ಪು, ಎರಡು ಟೀ ಚಮಚ ಜೇನುತುಪ್ಪ, ಒಂದು ಟೀ ಚಮಚ ಸಾಸಿವೆ ಪೇಸ್ಟ್. ಮುಚ್ಚಿ ಕುಲುಕಿ, ಉಪ್ಪು ಕರಗಿತೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಉಪ್ಪಾಗಲಿ ಸಕ್ಕರೆಯಾಗಲಿ ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆ ಮೊದಲು ಬಿದ್ದರೆ ಉಪ್ಪಿನ ಹರಳುಗಳಿಗೆ ಎಣ್ಣೆ ಮೆತ್ತಿಕೊಂಡು, ತಿನ್ನುವಾಗ ಒಂದು ತುತ್ತು ಸಪ್ಪೆ, ಒಂದು ತುತ್ತು ಉಪ್ಪು ಕಡುವಾಗಿ ಸಿಗುತ್ತದೆ. ಈ ಕ್ರಮವೊಂದನ್ನು ಮಾತ್ರ ಬದಲಿಸಬೇಡಿ. ಕರಗಿದ ಮೇಲೆ ನಾಲ್ಕು ದೊಡ್ಡ ಚಮಚ ಎಣ್ಣೆ, ಆಗಷ್ಟೇ ಕುಟ್ಟಿದ ಕಾಳುಮೆಣಸು.

ಎಣ್ಣೆ ಮತ್ತು ಹುಳಿಗೆ ಮೂರಕ್ಕೆ ಒಂದು ಎಂಬ ಹಳೆಯ ಲೆಕ್ಕವೊಂದಿದೆ. ಸಿಹಿ ಹಾಕದ ಡ್ರೆಸಿಂಗಿಗೆ ಅದು ಸರಿ. ಜೇನು ಸೇರುವಾಗ ಎರಡಕ್ಕೆ ಒಂದು ಸಾಕಾಗುತ್ತದೆ, ಹುಳಿಯ ಚೂಪು ತೆಗೆಯುವ ಭಾರವನ್ನು ಎಣ್ಣೆಯೊಂದೇ ಹೊರಬೇಕಿಲ್ಲ.

ಆಮೇಲೆ ಕುಲುಕುವುದು. ಮಗಳಿಗೆ ಬಲು ಇಷ್ಟದ ಕೆಲಸ. ಕುಲುಕಿದಾಗ ಎಣ್ಣೆ ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಹುಳಿನೀರಿನಲ್ಲಿ ಹರಡಿಕೊಳ್ಳುತ್ತದೆ, ಪಾರದರ್ಶಕವಾಗಿದ್ದ ಎರಡು ದ್ರವಗಳು ಸೇರಿ ಕೆನೆಯ ಹಾಗೆ ಮಂಜಾಗುತ್ತವೆ. ಸಾಸಿವೆ ಇಲ್ಲದೆ ಮಾಡಿದರೆ ಕೆಲವೇ ನಿಮಿಷಗಳಲ್ಲಿ ಹನಿಗಳು ಒಂದನ್ನೊಂದು ಹುಡುಕಿ ಸೇರಿ ಎಣ್ಣೆ ಮೇಲಕ್ಕೆ ಬಂದು ನಿಲ್ಲುತ್ತದೆ. ಸಾಸಿವೆಕಾಳಿನ ಸಿಪ್ಪೆಯಲ್ಲಿ ಲೋಳೆಯಂಥ ಒಂದು ಅಂಟು ಇದೆ. ಅದು ಹನಿಗಳ ಸುತ್ತ ನಿಂತು ಅವು ಕೂಡಿಕೊಳ್ಳದಂತೆ ತಡೆಯುತ್ತದೆ. ಜೇನು ಆ ಕೆಲಸ ಮಾಡಲಾರದು, ಆದರೆ ಅದರ ಮಂದತನದಿಂದಾಗಿ ಹನಿಗಳ ಓಡಾಟ ನಿಧಾನವಾಗುತ್ತದೆ. ಇವೆರಡೂ ಸೇರಿದರೆ ಊಟ ಮುಗಿಯುವವರೆಗೆ ಡ್ರೆಸಿಂಗ್ ಒಡೆಯುವುದಿಲ್ಲ. ಒಡೆದರೂ ಚಿಂತೆಯಿಲ್ಲ, ಇನ್ನೊಮ್ಮೆ ಕುಲುಕಿದರಾಯಿತು.

ನಿಂಬೆ ಮತ್ತು ವಿನೆಗರ್ ಎರಡನ್ನೂ ಯಾಕೆ ಹಾಕುತ್ತೀರಿ ಎಂದು ಕೇಳುವವರಿದ್ದಾರೆ. ಎರಡರ ಆಮ್ಲದ ಪ್ರಮಾಣ ಹೆಚ್ಚುಕಡಿಮೆ ಒಂದೇ, ನೂರಕ್ಕೆ ಐದರ ಆಸುಪಾಸು. ನಡತೆ ಮಾತ್ರ ಬೇರೆ. ವಿನೆಗರಿನ ಅಸಿಟಿಕ್ ಆಮ್ಲ ಆವಿಯಾಗುವಂಥದ್ದು, ನಾಲಗೆಗೆ ತಾಗುವ ಮೊದಲೇ ಮೂಗಿಗೆ ಅಡರುತ್ತದೆ. ನಿಂಬೆಯ ಸಿಟ್ರಿಕ್ ಆಮ್ಲ ಹಾಗೆ ಏಳುವುದಿಲ್ಲ, ಅದರ ಪರಿಮಳ ಸಿಪ್ಪೆಯ ಎಣ್ಣೆಯದು, ಹುಳಿಯೆಲ್ಲ ನಾಲಗೆಗೆ ಮೀಸಲು. ವಿನೆಗರ್ ಮಾತ್ರ ಇದ್ದರೆ ಸಿಹಿ ಎಷ್ಟು ಸುರಿದರೂ ಮೂಗಿಗೆ ಬರುವ ಕಟು ಹೋಗುವುದಿಲ್ಲ, ಯಾಕೆಂದರೆ ಸಿಹಿ ತಗ್ಗಿಸುವುದು ನಾಲಗೆಯ ಹುಳಿಯನ್ನು ಮಾತ್ರ. ನನ್ನ ಆ ಸಂಜೆಯ ಬಟ್ಟಲು ಸಕ್ಕರೆಗೆ ಬಗ್ಗದೆ ನಿಂತದ್ದರಲ್ಲಿ ಇದರ ಪಾಲೂ ಇತ್ತು. ಬರೀ ನಿಂಬೆಯಲ್ಲಿ ಮಾಡಿದರೆ ಹಿತವಾಗಿರುತ್ತದೆ, ಆದರೆ ಮರುದಿನಕ್ಕೆ ಆ ತಾಜಾತನ ಇಳಿಯುತ್ತದೆ. ಎರಡೂ ಸಮಪಾಲು ನನಗೆ ಒಗ್ಗಿದ ದಾರಿ.

ಸಿಹಿಗೆ ಸಕ್ಕರೆಯೂ ಆಗುತ್ತದೆ, ಕಿತ್ತಳೆ ರಸವನ್ನು ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಂಗಿಸಿ ಹಾಕಿದರೆ ಇನ್ನೂ ಚೆನ್ನ. ಜೇನನ್ನು ನಾನು ಬಿಡದಿರುವುದು ಅದರ ಮೈಗಟ್ಟಿಗಾಗಿ, ಎಲೆಗೆ ಅಂಟಿಕೊಳ್ಳುವ ಗುಣಕ್ಕಾಗಿ. ಅದರಲ್ಲಿ ಫ್ರಕ್ಟೋಸ್ ಹೆಚ್ಚು, ಫ್ರಕ್ಟೋಸ್ ಮಾಮೂಲಿ ಸಕ್ಕರೆಗಿಂತ ಸಿಹಿ, ಹಾಗಾಗಿ ಸ್ವಲ್ಪದರಲ್ಲೇ ಕೆಲಸವಾಗುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು: ಒಂದು ವರ್ಷ ತುಂಬದ ಮಗುವಿಗೆ ಜೇನು ಹಾಕಿದ ಯಾವುದನ್ನೂ ಬೆರಳ ತುದಿಯಲ್ಲೂ ನೆಕ್ಕಿಸಬೇಡಿ, ಬೊಟುಲಿಸಂ ಎಂಬ ಪ್ರಾಣಕ್ಕೇ ಕುತ್ತಾಗಬಲ್ಲ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಅದರಲ್ಲಿ ಇರಬಹುದು. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದೂ ಅದೇ ಕಾರಣಕ್ಕೆ ಅಪಾಯ. ಪಿಎಚ್ 4.6ಕ್ಕಿಂತ ಕೆಳಗೆ ಆ ಬ್ಯಾಕ್ಟೀರಿಯಾ ಬೆಳೆಯಲಾರದು, ಬರೀ ಎಣ್ಣೆಯಲ್ಲಿ ಅಂಥ ಕಾವಲು ಇಲ್ಲ. ಬೆಳ್ಳುಳ್ಳಿ ಬೇಕೆನಿಸಿದ ದಿನ ಅರ್ಧ ಎಸಳು ಜಜ್ಜಿ ಹುಳಿನೀರಿಗೆ ಹಾಕಿ, ಅದೇ ದಿನ ಮುಗಿಸುತ್ತೇನೆ.

ಎಲೆ ಒದ್ದೆಯಿದ್ದರೆ ಇಷ್ಟೆಲ್ಲ ಮಾಡಿಯೂ ಫಲವಿಲ್ಲ. ತೊಳೆದ ಎಲೆಯನ್ನು ಬಟ್ಟೆಯಲ್ಲಿ ಒತ್ತಿ, ಗಾಳಿಗೆ ಹರಡಿ, ಮುಟ್ಟಿದರೆ ಒಣಗಿದೆ ಅನ್ನಿಸುವವರೆಗೆ ಬಿಡಬೇಕು. ನೀರಿನ ಪದರದ ಮೇಲೆ ಎಣ್ಣೆ ಹಿಡಿಯುವುದಿಲ್ಲ, ಡ್ರೆಸಿಂಗೆಲ್ಲ ಜಾರಿ ತಳ ಸೇರುತ್ತದೆ. ಇನ್ನು ಬೆರೆಸುವುದು ಕೊನೆಯ ಗಳಿಗೆಯಲ್ಲಿ, ಎಲ್ಲರೂ ತಟ್ಟೆಯ ಮುಂದೆ ಕೂತ ಮೇಲೆ. ಎಲೆ ಬಾಡುವುದು ಹುಳಿಯಿಂದ ಎಂದು ಬಹಳ ಕಾಲ ತಿಳಿದಿದ್ದೆ. ಎಲೆಯ ಮೇಲಿನ ಮೇಣದ ಹೊದಿಕೆ ನೀರನ್ನು ತಡೆಯುತ್ತದೆ, ಎಣ್ಣೆ ಅದನ್ನು ದಾಟಿ ಒಳಗಿಳಿಯುತ್ತದೆ. ಎಲೆಯನ್ನು ಬೇಗ ಮಂಕಾಗಿಸಿ ಮೆತ್ತಗೆ ಮಾಡುವುದು ಎಣ್ಣೆಯೇ. ನಂಬಿಕೆ ಬಾರದಿದ್ದರೆ ಎರಡು ಎಲೆಗಳನ್ನು ಪಕ್ಕಪಕ್ಕ ಇಟ್ಟು, ಒಂದಕ್ಕೆ ಎಣ್ಣೆ, ಒಂದಕ್ಕೆ ವಿನೆಗರ್ ಸವರಿ, ಊಟ ಮುಗಿಸಿ ಬಂದು ನೋಡಿ.

ಮಗಳು ಈಗ ದೊಡ್ಡವಳಾಗಿದ್ದಾಳೆ, ಡ್ರೆಸಿಂಗ್ ಅವಳದೇ ಕೈಕೆಲಸ. ನನ್ನ ಅಳತೆಯನ್ನು ಅವಳು ಪಾಲಿಸುವುದಿಲ್ಲ. ಜೇನು ನನಗಿಂತ ಕಡಿಮೆ, ಕಾಳುಮೆಣಸು ನನಗಿಂತ ಹೆಚ್ಚು. ಮೊನ್ನೆ ಅತ್ತಿಗೆ ಬಂದಿದ್ದಾಗ ಇಬ್ಬರೂ ಜಾಡಿಯ ಮುಂದೆ ನಿಂತಿದ್ದರು. ಅತ್ತಿಗೆಗೆ ವಯಸ್ಸಾಗಿದೆ, ಮೊದಲಿನಷ್ಟು ರುಚಿ ತಿಳಿಯುವುದಿಲ್ಲ ಎಂದು ಅವರೇ ಹೇಳುತ್ತಾರೆ. ಆದರೂ ಮಗಳು ಒಂದು ಎಲೆ ಅದ್ದಿ, ಒದರಿ, “ಅತ್ತೆ, ನೀವು ಹೇಳಿ” ಅಂತ ಅವರ ಕೈಗೆ ಕೊಟ್ಟಳು. ಅವರು ಅಗಿದು, “ಹುಳಿ ಗೊತ್ತಾಗ್ತಿಲ್ಲ ಕಣೇ” ಅಂದರು. ನಾನು ನಿಂಬೆಗೆ ಕೈ ಹಾಕಿದೆ. ಮಗಳು ನನ್ನ ಕೈ ತಡೆದು ಉಪ್ಪಿನ ಡಬ್ಬಿ ತೆಗೆದಳು. ಒಂದು ಚಿಟಿಕೆ ಹಾಕಿ, ಕುಲುಕಿ, ಇನ್ನೊಂದು ಎಲೆ ಅದ್ದಿ ಕೊಟ್ಟಳು. ಅತ್ತಿಗೆ ಈ ಸಲ ಏನೂ ಹೇಳಲಿಲ್ಲ. ತಾವೇ ಮೂರನೆಯ ಎಲೆ ತೆಗೆದುಕೊಂಡರು.

ಉಳಿದ ಡ್ರೆಸಿಂಗ್ ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಚೆನ್ನಾಗಿರುತ್ತದೆ. ಆಲಿವ್ ಎಣ್ಣೆಯಾದರೆ ತಣ್ಣಗಾಗಿ ಗಟ್ಟಿಯಾಗುತ್ತದೆ, ಕೆಟ್ಟಿತೆಂದು ಚೆಲ್ಲಬೇಡಿ, ಅರ್ಧ ಗಂಟೆ ಹೊರಗಿಟ್ಟರೆ ಕರಗುತ್ತದೆ. ತಣ್ಣಗಿರುವಾಗ ಸಿಹಿ ಮಂಕಾಗಿ ಹುಳಿ ಮುಂದೆ ಬಂದಂತೆ ಕಾಣುತ್ತದೆ, ಆಗ ಜೇನು ಸೇರಿಸುವ ಅವಸರ ಬೇಡ, ಅದೂ ಹೊರಗಿಟ್ಟ ಮೇಲೆ ತಾನೇ ಸರಿಹೋಗುತ್ತದೆ. ಜಾಡಿಯ ಗೋಡೆಗೆ ಕೊನೆಯಲ್ಲಿ ಒಂದು ಪದರ ಅಂಟಿಕೊಂಡಿರುತ್ತದೆ, ಎಷ್ಟು ಬಗ್ಗಿಸಿದರೂ ಬರುವುದಿಲ್ಲ. ಅದನ್ನು ತೊಳೆಯುವುದಿಲ್ಲ. ಹೆಚ್ಚಿದ ಈರುಳ್ಳಿಯನ್ನು ಅದಕ್ಕೇ ತುಂಬಿ, ಎರಡು ಚಮಚ ವಿನೆಗರ್ ಹಾಕಿ, ಮುಚ್ಚಿ ಕುಲುಕಿ ಇಡುತ್ತೇವೆ. ಊಟದ ಹೊತ್ತಿಗೆ ಗುಲಾಬಿಯಾಗಿರುತ್ತದೆ.